ಏಳಡಿ ಮೇಲಿನ ಫ್ಯೂಸ್ ಬಾಕ್ಸು

ಮನೆ ಕಟ್ಟಿಸುವವನಿಗೆ ಬುದ್ಧಿ ಹೇಳದ ಮನುಷ್ಯ ಊರಲ್ಲಿ ಇರುವುದಿಲ್ಲ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಕಟ್ಟಿಸುವಾಗ ಬಾಗಿಲಿನ ದಿಕ್ಕಿನಿಂದ ಹಿಡಿದು ಬಚ್ಚಲ ನೀರು ಹರಿಯುವ ಇಳಿಜಾರಿನವರೆಗೆ ಎಲ್ಲಕ್ಕೂ ಸಲಹೆ ಬಂತು. ಫ್ಯೂಸ್ ಬಾಕ್ಸ್ ಎಲ್ಲಿರಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಅದೊಂದನ್ನು ನನ್ನ ಸ್ವಂತ ತಲೆ ಓಡಿಸಿ ತೀರ್ಮಾನಿಸಿದೆ. ಇಡೀ ಮನೆಯಲ್ಲಿ ತಪ್ಪಿದ್ದೂ ಅದೊಂದೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವರ್ಷಕ್ಕೊಮ್ಮೆ ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠ ಮಾಡುತ್ತೇನೆ, ಮಾಡಿದ ವಾರವಿಡೀ ಹೆದರಿ ನಿದ್ದೆಗೆಡುತ್ತೇನೆ. ಹೀಗಾಗಿ ವೈರಿಂಗ್ ಮಾಡುವ ಖಾಜಾ ಬಾಕ್ಸನ್ನು ಕೈಯಲ್ಲಿ ಹಿಡಿದು ಎಲ್ಲಿ ಹಾಕಲಿ ಎಂದು ಕೇಳಿದಾಗ ನನ್ನ ಕಣ್ಣ ಮುಂದೆ ಬರೀ ಅನಾಹುತಗಳೇ ಸಾಲಾಗಿ ನಿಂತವು. ಅಡುಗೆಮನೆ ಬೇಡ, ಗ್ಯಾಸು, ಹಬೆ. ಬಚ್ಚಲ ಗೋಡೆ ಬೇಡ, ತೇವ. ಹೊರಗೋಡೆ ಬೇಡ, ಮಳೆ ಬಂದರೆ? ನಮ್ಮ ಕಡೆಗೆ ಎಲ್ಲಿಯ ಮಳೆ ಎಂದು ಹೆಂಡತಿ ನಕ್ಕಳು. ಪಡಸಾಲೆಯ ಬಾಗಿಲ ಪಕ್ಕ ಎದೆಯೆತ್ತರಕ್ಕೆ ಹಾಕಿದರೆ ಎಲ್ಲರ ಕೈಗೂ ಸಿಗುತ್ತದೆ ಎಂದ ಖಾಜಾ. ಎಲ್ಲರ ಕೈಗೂ ಸಿಗುವುದೇ ನನ್ನ ಭಯ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಅವಳು ಬೆರಳು ತೂರಿಸದ ತೂತಿಲ್ಲ. ಬಾಗಿಲ ಮೇಲೆ, ಏಳಡಿ ದಾಟಿದ ಮೇಲೆ ಹಾಕು ಎಂದೆ.

"ಸಾರ್, ಮ್ಯಾಲ ಹಾಕಿದ್ರ ಕರೆಂಟೇನು ಕಡಿಮಿ ಆಗಂಗಿಲ್ಲ. ಅವಸರ ಬಿದ್ರ ಆಫ್ ಮಾಡೋರು ಹೆಂಗ ಮುಟ್ಟಬೇಕು?"

ಉತ್ತರವಾಗಿ ನಾನು ಸುರಕ್ಷತೆಯ ಬಗ್ಗೆ ಒಂದು ಪೀರಿಯಡ್ಡು ಮಾತಾಡಿದೆ. ಪಾಪ, ಅವನು ಏಣಿ ಹತ್ತಿ ಹಾಕಿಕೊಟ್ಟ.

ಆಮೇಲೆ ಆಯುಧ ಪೂಜೆ ಬಂತು. ನಮ್ಮವ್ವ ಮಾಗಳ ಎಂಬ ಹಳ್ಳಿಯ ಹೆಣ್ಣುಮಗಳು. ಮನೆಗಾಗಿ ವರ್ಷವೆಲ್ಲ ದುಡಿದ ಪ್ರತಿಯೊಂದನ್ನೂ ನೀರಲ್ಲಿ ತೊಳೆದು, ವಿಭೂತಿ ಬಳಿದು, ಹೂ ಏರಿಸುವುದು ಅವಳ ಪದ್ಧತಿ. ಈಳಿಗೆ, ರೊಟ್ಟಿ ಹಂಚು, ಹೊಲಿಗೆ ಯಂತ್ರ, ಮಿಕ್ಸಿ, ನನ್ನ ಬೈಕು, ಯಾವುದನ್ನೂ ಬಿಡುವವಳಲ್ಲ. ಹಿಂದಿನ ವರ್ಷ ನನ್ನ ಕೆಂಪು ಪೆನ್ನಿಗೂ ಮೂರು ಬೆರಳು ವಿಭೂತಿ ಎಳೆದಿದ್ದಳು. ಅದು ಆಯುಧವೇ ಎಂದು ನನ್ನ ವಿದ್ಯಾರ್ಥಿಗಳು ಖಂಡಿತ ಒಪ್ಪುತ್ತಾರೆ.

ಅಂದು ಬೆಳಿಗ್ಗೆ ಅಂಗಳದಲ್ಲಿ ಬೈಕು ತೊಳೆದು ಒಳಗೆ ಬಂದರೆ, ಅವ್ವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತಿದ್ದಾಳೆ. ಕೈಯಲ್ಲಿ ನೀರು ಸೋರುವ ಅರಿವೆ. ಎದುರಿಗೆ ಮುಚ್ಚಳ ತೆಗೆದ ಫ್ಯೂಸ್ ಬಾಕ್ಸು. ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಓಡಿಹೋಗಿ ಹಿಡಿದರೆ ಕುರ್ಚಿ ಅಲುಗಾಡಿ ಕೈ ಬಾಕ್ಸಿನೊಳಗೇ ಹೋಗುತ್ತದೆ. ಮೊದಲು ಮೇನ್ ಆಫ್ ಮಾಡಬೇಕು ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಆ ಮೇನು ಒದ್ದೆ ಅರಿವೆಯಿಂದ ಒಂದು ಗೇಣು ದೂರದಲ್ಲಿತ್ತು, ಅಲ್ಲಿಗೆ ಹೋಗಲು ಅವ್ವನನ್ನು ದಾಟಿಯೇ ಹೋಗಬೇಕಿತ್ತು. ನಿಂತಲ್ಲೇ ನಿಂತೆ. ಸುಳ್ಳೇಕೆ ಹೇಳಲಿ, ಅವ್ವ ಹೋದಳೆಂದೇ ತಿಳಿದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಬಂದಳು, ನೋಡಿದಳು. ದನಿ ಏರಿಸಲಿಲ್ಲ.

"ಅತ್ತಿ, ಹೋಳಿಗಿ ಹೂರ್ಣ ತೆಳ್ಳಗ ಆಗೈತ್ರಿ. ಏನ್ ಮಾಡಬೇಕು ಅಂತ ನನಗ ತಿಳೀವಲ್ದು, ಸ್ವಲ್ಪ ಬಂದು ನೋಡ್ರಿ."

ಮದುವೆಯಾದ ಎಂಟು ವರ್ಷದಲ್ಲಿ ನನ್ನ ಹೆಂಡತಿ ಅಡುಗೆಯಲ್ಲಿ ತನಗೆ ತಿಳಿಯದ್ದು ಇದೆಯೆಂದು ಒಪ್ಪಿಕೊಂಡದ್ದು ಅದೇ ಮೊದಲು. ಅವ್ವ ಅರಿವೆಯನ್ನು ಕುರ್ಚಿಗೆ ಹಾಕಿ, ಸೊಸೆಯ ಭುಜ ಹಿಡಿದು, ಗೆದ್ದವಳ ಮುಖ ಹೊತ್ತು ಇಳಿದಳು. ಹೂರಣ ಗಟ್ಟಿಯಾಗಿಯೇ ಇತ್ತಂತೆ. ನಾನು ಗೋಡೆಗೆ ಒರಗಿ ಕುಳಿತೆ.

ಹಬ್ಬದ ಮರುದಿನ ಖಾಜಾನನ್ನು ಕರೆಸಿದೆ. ಅವನು ನನ್ನನ್ನು ಏನೂ ಕೇಳದೆ, ಹಗಲೆಲ್ಲ ಮನೆಯಲ್ಲಿ ಯಾರಿರುತ್ತಾರೆ ಎಂದು ಹೆಂಡತಿಯನ್ನು ಕೇಳಿದ. ಅವ್ವನನ್ನು ಬಾಗಿಲ ಪಕ್ಕದ ಗೋಡೆಗೆ ನಿಲ್ಲಿಸಿ ಅವಳ ಭುಜದ ಸಮಕ್ಕೆ ಪೆನ್ಸಿಲಿನಿಂದ ಗೆರೆ ಎಳೆದ. ಬಾಕ್ಸು ಅಲ್ಲಿಗೆ ಇಳಿಯಿತು. ಮಗಳಿಗಾಗಿ ಮುಚ್ಚಳಕ್ಕೆ ಗಟ್ಟಿ ಚಿಲಕ ಬಂತು. ಕೆಳಗೆ ಜೋಳದ ಚೀಲ ಒಟ್ಟಬಾರದು, ಪೂಜೆಗೆ ಒಣ ಕುಂಕುಮ ಮಾತ್ರ, ಅದೂ ಮುಚ್ಚಳದ ಹೊರಗೆ ಎಂದು ಹೇಳಿ, ಮೇನ್ ಆಫ್ ಮಾಡುವುದನ್ನು ಕಲಿಸಿದ. ಅವ್ವ ಒಂದೇ ಏಟಿಗೆ ಟಕ್ಕೆಂದು ಕೆಳಗೆಳೆದಳು. ಹೆಂಡತಿಯೂ ಎಳೆದಳು, ಪ್ರತಿ ಸಲವೂ ಖಾಜಾ ಮತ್ತೆ ಮೇಲೆತ್ತಿದ. ನಾನು ಪೇಪರು ತಿದ್ದುವುದಿದೆ ಎಂದು ಎದ್ದೆ. ಸಾರ್ ಪಾಠ ಮಾಡೋರು, ಅವರಿಗೇನು ಕಲಿಸೋದು ಎಂದು ಖಾಜಾ ದಾರಿ ಬಿಟ್ಟ.

"ಮೊದಲು ಅವನಿಗೇ ಕಲಿಸಪ್ಪ," ಎಂದಳು ಅವ್ವ. "ಮಗಳ ಕೈಗೆ ಸಿಗಬಾರದು ಅಂತಲ್ಲ, ತನಗ ಮುಟ್ಟು ಅಂತ ಯಾರೂ ಹೇಳಬಾರದು ಅಂತ ಮ್ಯಾಲ ಹಾಕ್ಸಿದ್ದ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಾತು ನಿಜವಾಗಿತ್ತು. ಬಾಕ್ಸಿನ ಮುಂದೆ ನಿಂತೆ, ಕಣ್ಣು ಮುಚ್ಚಿದೆ, ಬೆರಳಿಗೆ ಸಿಕ್ಕಿದ್ದನ್ನು ಕೆಳಗೆಳೆದೆ. ಮುಗಿಯಿತು ಎಂದು ಉಸಿರು ಬಿಟ್ಟೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಖಾಜಾ ಮೆಲ್ಲಗೆ ಹೇಳಿದ: "ಸಾರ್, ಅದು ಮೇನಲ್ಲ, ಬಚ್ಚಲದ್ದು. ಈ ಸಲ ಕಣ್ಣು ಬಿಟ್ಕೊಂಡು ಮಾಡ್ರಿ."