ಖಾಲಿ ಖುರ್ಚಿಯ ಅಪ್ಪಣೆ

ನಾನು ಸುಳ್ಳು ಹೇಳುವ ಹೆಂಗಸಲ್ಲ. ಆದರೆ ಜೇವರ್ಗಿ ಕಡೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿ ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ, ದಿನಕ್ಕೆ ನಾಲ್ಕಾರು ಬಾರಿ ಒಂದೇ ಸುಳ್ಳು ಹೇಳುವುದು ರೂಢಿಯಾಗಿಬಿಟ್ಟಿದೆ: “ಡಾಕ್ಟರ್ ಹೇಳ್ಯಾರ್ರಿ.” ಗಾಯ ತೊಳೆಯುವುದು, ಭೇದಿಯಾದ ಮಗುವಿಗೆ ಏನು ಕುಡಿಸಬೇಕೆಂದು ಹೇಳುವುದು ಎಲ್ಲ ನನ್ನದೇ ಕೆಲಸ. ಆದರೂ ನಾನು ಬಾಯಿ ತೆರೆದರೆ ಬೆಂಚಿನ ಮೇಲಿದ್ದವರು, “ಡಾಕ್ಟರ್‌ಗ ಒಂದ್ ಮಾತ್ ಕೇಳ್ರಲ್ಲ ಸಿಸ್ಟರ್” ಎನ್ನುತ್ತಾರೆ. ನಮ್ಮ ಡಾಕ್ಟರಿಗೆ ಎರಡು ಆಸ್ಪತ್ರೆಗಳ ಹೊಣೆ; ವಾರದಲ್ಲಿ ಮೂರು ದಿನ ಇಲ್ಲಿರುವುದಿಲ್ಲ. ಫೋನಿಗೆ ಸಿಕ್ಕರೂ, “ನಿಮಗ್ ಗೊತ್ತದಲ್ಲ, ನೀವೇ ನೋಡ್ರಿ” ಎಂದು ಇಟ್ಟುಬಿಡುತ್ತಾರೆ. ಹೀಗಾಗಿ ನಾನೊಂದು ಪದ್ಧತಿ ಮಾಡಿಕೊಂಡೆ. ಪರದೆ ಸರಿಸಿ ಅವರ ಕೋಣೆಗೆ ಹೋಗುವುದು, ಡಾಕ್ಟರ್ ಇದ್ದಾರೆಂದು ತೋರಲು ಫ್ಯಾನ್ ಹಾಕುವುದು, ಖಾಲಿ ಖುರ್ಚಿಯ ಮುಂದೆ ಕೈಕಟ್ಟಿ ನಿಂತು ಇಪ್ಪತ್ತು ಎಣಿಸುವುದು, ಹೊರಗೆ ಬಂದು ಮೊದಲು ಹೇಳಿದ್ದನ್ನೇ ಮತ್ತೆ ಹೇಳುವುದು. ಕೈ ಯಾಕೆ ಕಟ್ಟುತ್ತಿದ್ದೆನೋ, ದೇವರೇ ಬಲ್ಲ.

ಹೋದ ತಿಂಗಳು ಇಜೇರಿಯ ಮೌಲಾಬಿ ಎಂಟು ತಿಂಗಳು ತುಂಬಿದ ಸೊಸೆಯನ್ನು ಕರೆತಂದರು. ಹುಡುಗಿಯ ಕಾಲು ಬಾತಿತ್ತು. ಬಿಪಿ ನೋಡಿದರೆ ವಿಪರೀತ ಏರಿತ್ತು.

“ಈಗಿಂದೀಗ್ಲೇ ಕಲಬುರಗಿಗೆ ಹೋಗ್ಬೇಕ್ರಿ. ತಡಾ ಮಾಡಿದ್ರ ತಾಯಿ ಜೀವಕ್ಕೂ ಕೂಸಿನ ಜೀವಕ್ಕೂ ಧೋಕಾ ಅದ.”

“ನನ್ನ ಮಗಾ ಒಪ್ಪಂಗಿಲ್ರಿ ಸಿಸ್ಟರ್. ಡಾಕ್ಟರ್ ಏನಂತಾರ?”

ಡಾಕ್ಟರ್ ಇರಲಿಲ್ಲ, ಫೋನೂ ಹತ್ತಲಿಲ್ಲ. ಆಂಬುಲೆನ್ಸಿಗೆ ಹೇಳಿ, ಕೋಣೆಗೆ ಓಡಿದೆ. ಅವತ್ತು ಐದಕ್ಕೇ ಎಣಿಕೆ ಮುಗಿಸಿ ಹೊರಬಂದು, “ಡಾಕ್ಟರೂ ಅದೇ ಹೇಳ್ಯಾರ್ರಿ” ಎಂದೆ. ಮೌಲಾಬಿ ನನ್ನ ಮುಖವನ್ನೊಮ್ಮೆ ನೋಡಿದರು. ಮಗನಿಗೆ ಫೋನ್ ಮಾಡಿ, “ಡಾಕ್ಟರ್ ಹೇಳ್ಯಾರ, ನಾ ಹೊಂಟೀನಿ” ಎಂದವರೇ ಸೊಸೆಯೊಂದಿಗೆ ಗಾಡಿ ಹತ್ತಿದರು.

ಮೊನ್ನೆ ಮೊಮ್ಮಗನನ್ನು ಎತ್ತಿಕೊಂಡು, ಸೊಸೆಯ ಜೊತೆ ಬಂದು ನನ್ನ ಕೈಗೆ ಮಿಠಾಯಿ ಡಬ್ಬಿ ಇಟ್ಟರು. ಮನಸ್ಸು ಚುಚ್ಚಿತು. “ಡಾಕ್ಟರ್‌ಗೂ ಕೊಡ್ರಿ” ಎಂದೆ.

“ಯಾವ ಡಾಕ್ಟರ್‌ಗ್ರಿ? ಅವತ್ತ ಖುರ್ಚಿ ಖಾಲಿ ಇತ್ತಲ್ಲ! ನಿಮ್ಮ ಫ್ಯಾನಿನ ಗಾಳಿಗೆ ಪರದಾ ಹಾರಿ ಎಲ್ಲಾ ಕಾಣಾಕತ್ತಿತ್ತು.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಮತ್ತ್ಯಾಕ ಹೋದ್ರಿ?”

“ನೀವ್ ಹೇಳಿದ್ರಲ್ಲ! ಡಾಕ್ಟರ್ ಹೆಸರು ನನ್ನ ಮಗನ ಸಲುವಾಗಿ ಬೇಕಿತ್ತು.”

ನಾಚಿಕೆಯೂ ಆಯಿತು, ಹೇಳಲಾರದಷ್ಟು ಖುಷಿಯೂ ಆಯಿತು. ಇನ್ನು ಆ ಖುರ್ಚಿಯ ಮುಂದೆ ನಿಲ್ಲುವುದಿಲ್ಲ, ನನ್ನ ಮಾತನ್ನು ನನ್ನ ಹೆಸರಿನಲ್ಲೇ ಹೇಳುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದ್ದೇನೆ. ಸೋಮವಾರ ಡಾಕ್ಟರ್ ಬರುತ್ತಾರೆ. ಹೀಗೆ ಮಾಡಬಹುದೇ ಎಂದು ಅವರನ್ನು ಒಂದು ಮಾತು ಕೇಳಬೇಕು.