ಹುಳಿಮಾವಿನಲ್ಲಿ ಮಾತ್ರ ಕೆಡುವ ಕಾರು

ನನ್ನ ಮಾವನ ಮನೆಯವರು ನನಗೆ ಒಂದು ಚೊಂಬು ನೀರು ಬಾಕಿ ಉಳಿಸಿಕೊಂಡಿದ್ದಾರೆ. ತೀರಿಸಿಯಾಗಿದೆ ಎಂಬುದು ಅವರ ವಾದ. ತೀರಿಲ್ಲ ಎಂಬುದು ನನ್ನದು. ಬಡ್ಡಿ ಬೇಡ, ಅಸಲು ಬಂದರೆ ಸಾಕು.

ಸಾಲ ಹುಟ್ಟಿದ್ದು ನಮ್ಮ ಮದುವೆಯ ದಿನ. ಜಯನಗರದ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಸೇವಂತಿಗೆ ಹಾರ ಕೊರಳಲ್ಲಿ ಇರುವಾಗಲೇ ನಾನೂ ಹೇಮಶ್ರೀಯೂ ಹುಳಿಮಾವಿಗೆ ಹೋಗಿ ಅವಳ ತವರುಮನೆಯ ಗೇಟಿನ ಮುಂದೆ ನಿಂತೆವು. ಅವರು ಭೂಮಿ ಇದ್ದವರು. ನಾನು ಅದೇ ಭೂಮಿಯಲ್ಲಿ ಕಳೆ ಕಿತ್ತ ಯಲ್ಲಮ್ಮನ ಮಗ ಪಿಳ್ಳಪ್ಪ. ಕೇರಿಯವನು, ಸಾಲದ್ದಕ್ಕೆ ಸಂಘಟನೆಯವನು. ಸುಡುವ ಬಿಸಿಲು. "ಮಾವ, ಕುಡಿಯಕ್ಕೆ ಒಂದ್ ಚೊಂಬು ನೀರು ಕೊಡಿ" ಅಂದೆ. ಗೇಟಿಗೆ ಅಡ್ಡ ನಿಂತಿದ್ದ ಮಾವ ಚಿಕ್ಕಬೈರಪ್ಪ ಕೈಯೆತ್ತಿ ನನ್ನ ಬೆನ್ನ ಹಿಂದೆ ತೋರಿಸಿದರು.

"ಕೆರೆ ಐತಲ್ಲ, ಹೋಗ್ ಕುಡಿ."

ಅಲ್ಲೇ, ಮೆರವಣಿಗೆಯ ದನಿಯಲ್ಲಿ ಶಪಥ ಮಾಡಿದೆ. ಈ ಮನೆಯ ನೀರು ಈ ಗೇಟು ದಾಟಿ ನನ್ನ ಕೈಗೆ ಬಂದು, ನಾನು ಅದನ್ನು ಕುಡಿಯುವ ತನಕ ನಾವು ಈ ಹೊಸ್ತಿಲು ತುಳಿಯುವುದಿಲ್ಲ! 'ನಾವು' ಅಂದೆ. ಹೇಮಳನ್ನು ಕೇಳಲಿಲ್ಲ. ಮೈಕು ಹಿಡಿದವನು ಎಲ್ಲರ ಪರವಾಗಿ ಮಾತಾಡುವುದು ನಮ್ಮಲ್ಲಿ ರೂಢಿ.

ಮೂವತ್ತು ವರ್ಷ ದಾಟಿತು. ಮಾವ ತೀರಿಕೊಂಡರು. ಆವತ್ತು ಹೇಮ ಎದುರಿನ ರಸ್ತೆಯಲ್ಲಿ ನಿಂತು ನೋಡಿ ಬಂದಳು. ಹೆಂಚಿನ ಮನೆ ಹೋಗಿ ನಾಲ್ಕಂತಸ್ತು ಎದ್ದಿತು, ಕೆಳಗೆ ಅಂಗಡಿ, ಮೇಲೆ ಬಾಡಿಗೆಯವರ ಬಟ್ಟೆ. ಕೆರೆಗೆ ತಂತಿಬೇಲಿ ಬಂತು; ಈಗ ಹೋಗಿ ಕುಡಿಯೋಣವೆಂದರೂ ಟೈಮಿಂಗ್ಸ್ ನೋಡಿಕೊಂಡು ಹೋಗಬೇಕು. ಬದಲಾಗದೆ ಉಳಿದವು ಮೂರೇ: ಆ ಕಬ್ಬಿಣದ ಗೇಟು, ಜಗಲಿಯಲ್ಲಿ ಕೂತು ಬೀದಿ ಆಳುವ ಅತ್ತೆ ಅಕ್ಕಯಮ್ಮ, ಮತ್ತು ನಾನು.

ಈ ನಡುವೆ ಬಂತು ಕಾರು. ನಮ್ಮ ಮಗ ಪ್ರಮೋದ್ ಹೊಸದು ಕೊಂಡು, ತನ್ನ ಹಳೇ ಪೆಟ್ರೋಲ್ ಕಾರನ್ನು ಕುಮಾರಸ್ವಾಮಿ ಲೇಔಟಿನ ನಮ್ಮ ಮನೆ ಮುಂದೆ ಬಿಟ್ಟುಹೋದ. ಹೇಮಳ ಮಂಡಿನೋವಿಗೆ ಭಾನುವಾರ ಭಾನುವಾರ ಬನ್ನೇರುಘಟ್ಟ ರಸ್ತೆಯ ಕಡೆ ಫಿಸಿಯೋಥೆರಪಿ. "ಮೇನ್ ರೋಡಲ್ಲಿ ಬರೀ ಸಿಗ್ನಲ್ಲು. ಕೆರೆ ಪಕ್ಕದ ರಸ್ತೇಲಿ ಹೋಗು" ಅಂದಳು. ಹೋದೆ. ತವರುಮನೆ ರಸ್ತೆಯ ಎಡಕ್ಕೆ. ನಾನು ಮುಖವನ್ನು ಬಲಕ್ಕೆ ತಿರುಗಿಸಿಕೊಂಡು ಓಡಿಸಿದೆ. ಆದ್ದರಿಂದಲೇ ಎದುರಿನ ಗುಂಡಿ ಕಾಣಲಿಲ್ಲ. ಧಡ್ ಎಂದು ಬಿದ್ದು ಎದ್ದ ಕಾರು ನಾಲ್ಕು ಮಾರು ಹೋಗಿ ಉಸಿರು ಬಿಟ್ಟಿತು. ಎಲ್ಲಿ? ಆ ಗೇಟಿನ ನೇರಕ್ಕೆ!

ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋದೆ. ಭಾನುವಾರ, ಯಾರೂ ಸಿಗಲಿಲ್ಲ. ಬೆವರು ಸುರಿಸುತ್ತ ವಾಪಸ್ ಬಂದರೆ ಒಂದು ಆಟೊ ಕಾರಿನ ಪಕ್ಕದಿಂದ ಹೊರಟುಹೋಗುತ್ತಿತ್ತು.

"ಯಾರದು?"

"ಯಾರೋ ಪಾಪ, ಏನಾಯ್ತು ಆಂಟಿ ಅಂತ ಕೇಳ್ದ." ಹೇಮಳಿಗೆ ಕಾರು ಹತ್ತಿದೊಡನೆ ಚಪ್ಪಲಿ ಬಿಡುವ ಅಭ್ಯಾಸ. ಬಗ್ಗಿ ಅದನ್ನು ಹಾಕಿಕೊಳ್ಳುತ್ತ, "ಈಗ ತಿರುಗ್ಸು ನೋಡೋಣ" ಅಂದಳು. ತಿರುಗಿಸಿದೆ. ಗುರ್ ಎಂದಿತು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ಭಾನುವಾರ ಗುಂಡಿ ತಪ್ಪಿಸಿದೆ, ಆದರೂ ಕಾರು ಅದೇ ಗೇಟಿನ ಮುಂದೆ ನಿಂತಿತು. ಅದರ ಮುಂದಿನ ಭಾನುವಾರವೂ ಅಷ್ಟೇ. ಪ್ರತಿ ಸಲವೂ ಸ್ವಲ್ಪ ಹೊತ್ತಾದ ಮೇಲೆ ಹೇಮ ಚಪ್ಪಲಿ ಹಾಕಿಕೊಂಡು "ಈಗ ತಿರುಗ್ಸು" ಅಂದರೆ ಹೊರಡುತ್ತಿತ್ತು. ತರಕಾರಿಗೆ ಬನಶಂಕರಿಗೆ ಒಬ್ಬನೇ ಹೋದರೆ ಕುದುರೆ. ಅಂಜನಾಪುರದ ತನಕ ಹೋಗಿ ಬಂದರೂ ಕುದುರೆ. ಜೆ.ಪಿ. ನಗರದ ಗ್ಯಾರೇಜಿನವನು ಎರಡು ದಿನ ಇಟ್ಟುಕೊಂಡು, "ಸಾರ್, ಬೆಣ್ಣೆ ಥರ ಓಡ್ತಿದೆ. ನೀವು ಓಡ್ಸೋದ್ರಲ್ಲೇ ಏನೋ ಇದೆ" ಎಂದು ಅವಮಾನ ಮಾಡಿ ಕಳಿಸಿದ.

ನನಗೆ ರೇಗಿತು. ಆಯುಷ್ಯವಿಡೀ ವ್ಯವಸ್ಥೆಯ ವಿರುದ್ಧ ಹೋರಾಡಿದವನು ನಾನು. ಲಾಠಿ ಕಂಡವನು, ಜೈಲಿನ ಮುದ್ದೆ ತಿಂದವನು. ಒಂದು ಜುಜುಬಿ ಇಂಧನ ವ್ಯವಸ್ಥೆ ನನಗೆ ಯಾವ ಲೆಕ್ಕ?

"ಹೇಮ, ಇವತ್ತಿಂದ ಈ ಕಾರಿನ ರೋಗ ನಾನೇ ಪತ್ತೆ ಹಚ್ತೀನಿ. ಬೇರು ಸಮೇತ."

"ನಿಧಾನವಾಗಿ ಹಚ್ಚು. ಅವಸರ ಇಲ್ಲ" ಅಂದಳು. ಆ ಮಾತಿನ ಅರ್ಥ ನನಗೆ ಆಗಬೇಕಿತ್ತು.

ಮೊದಲ ಅನುಮಾನ ಕಲಬೆರಕೆ ಪೆಟ್ರೋಲಿನ ಮೇಲೆ. ನಾನು ಹಾಕಿಸುವ ಬಂಕಿನ ಮುಂದೆ ಹೋಗಿ, ಏಕವ್ಯಕ್ತಿ ಧರಣಿ ಕೂತೆ. "ಜನರಿಗೆ ಶುದ್ಧ ಪೆಟ್ರೋಲ್ ಕೊಡಿ!" ಎಂದು ಎರಡು ಸಲ ಕೂಗಿದೆ. ಹಿಂದಿನಿಂದ "ಕೊಡಿ, ಕೊಡಿ" ಅನ್ನುವವರು ಯಾರೂ ಇರಲಿಲ್ಲ. ಒಂದು ಕಾಲದಲ್ಲಿ ನಾನು ಕೆಮ್ಮಿದರೂ ಹಿಂದಿನಿಂದ ನೂರು ಜನ ಕೆಮ್ಮುತ್ತಿದ್ದರು. ಈಗ ಸಾಲಿನಲ್ಲಿದ್ದ ಸ್ಕೂಟರಿನವಳು ಹಾರ್ನ್ ಹೊಡೆದಳು.

"ಅಂಕಲ್, ಸೈಡಿಗೆ ಕೂತ್ಕೊಂಡು ಹೋರಾಟ ಮಾಡ್ತೀರಾ? ಆಫೀಸಿಗೆ ಲೇಟಾಗ್ತಿದೆ."

ಸೈಡಿಗೆ ಸರಿದೆ. ಮ್ಯಾನೇಜರ್ ಬಂದು ಒಂದು ಬಿಳಿ ಕಾಗದದ ಮೇಲೆ ನನ್ನೆದುರೇ ಪೆಟ್ರೋಲಿನ ಹನಿ ಬಿಟ್ಟ. ಹನಿ ಆರಿಹೋಯಿತು, ಕಲೆ ಉಳಿಯಲಿಲ್ಲ. "ಕಲೆ ಉಳಿದಿದ್ರೆ ಕಲಬೆರಕೆ, ಸಾರ್" ಎಂದು ಕಾಗದವನ್ನು ನನ್ನ ಕೈಗೇ ಕೊಟ್ಟ. ಕಲೆ ಉಳಿದದ್ದು ನನ್ನ ಪಂಚೆಯ ಮೇಲೆ, ಕೂತ ಜಾಗದ ಗ್ರೀಸಿನದು.

ಎರಡನೇ ಅನುಮಾನ ಫಿಲ್ಟರು. ಅದನ್ನು ಬದಲಾಯಿಸಿದೆ. ಫ್ಯೂಸುಗಳನ್ನು ಕಿತ್ತು ಒರೆಸಿ ಹಾಕಿದೆ. ಕಾರು ಮಾತ್ರ ಭಾನುವಾರದ ವ್ರತ ಬಿಡಲಿಲ್ಲ. ಬಾನೆಟ್ಟಿನೊಳಗೆ ನಾನು ತಲೆ ಹಾಕಿದರೆ, ಕಿಟಕಿಯಿಂದ ಹೇಮ ತಲೆ ಹೊರಗೆ ಹಾಕುತ್ತಿದ್ದಳು. ಇಬ್ಬರೂ ನಮ್ಮ ನಮ್ಮ ವರದಿ ಕೊಡುತ್ತಿದ್ದೆವು.

"ಮಲ್ಲಿಗೆ ಬಳ್ಳಿ ತೆಗೆದ್ಬಿಟ್ಟಿದಾರೆ ಕಣೋ. ಅಲ್ಲಿ ಬೈಕ್ ನಿಲ್ಸವ್ರೆ."

"ಪೈಪಲ್ಲಿ ಪ್ರೆಶರ್ ಬರ್ತಿಲ್ಲ."

"ಅಮ್ಮ ಕನ್ನಡಕ ಹಾಕ್ಕೊಳಕ್ಕೆ ಶುರು ಮಾಡವ್ಳೆ. ಅವರೆಕಾಯಿ ಬಿಡಿಸ್ತಾ ಇಲ್ಲಿಗೇ ನೋಡ್ತಾವ್ಳೆ."

"ಪೆಟ್ರೋಲ್ ಮೇಲಕ್ಕೇ ಏರ್ತಿಲ್ಲ."

"ಸೊರಗಿದಾಳೆ."

"ಪಂಪೇ ಸೊರಗಿರ್ಬೇಕು."

ಪಂಪಿನ ವಿಷಯಕ್ಕೆ ಶಶಿಕಾಂತನಿಗೆ ಫೋನ್ ಮಾಡಿದೆ. ಶಶಿಕಾಂತ ನನ್ನ ಹಳೇ ಜೊತೆಗಾರ. ಆಗ ಜಾಥಾದಲ್ಲಿ ತಮಟೆ ಹೊಡೆಯುತ್ತಿದ್ದ, ಈಗ ದಿನವಿಡೀ ಕಾರು ರಿಪೇರಿ ವಿಡಿಯೋ ನೋಡುತ್ತಾನೆ.

"ಪಿಳ್ಳಣ್ಣ, ಪಂಪು ಹಿಂದ್ಗಡೆ ಸೀಟಿನ ಕೆಳಗಿರ್ತದೆ. ಸೀಟಿಗೆ ಕಿವಿ ಇಡು. ಯಾರಾದ್ರೂ ಕೀ ತಿರುಗಿಸ್ಲಿ. ಎರಡು ಸೆಕೆಂಡ್ ಗುಂಯ್ ಅಂದ್ರೆ ಪಂಪು ಬದುಕಿದೆ."

"ಅನ್ನಲಿಲ್ಲ ಅಂದ್ರೆ?"

"ಒಂದು ನಿಮಿಷ ಎದ್ದು ನಿಂತು ಮೌನಾಚರಣೆ."

"ನೀನೂ ಬಾರೋ, ಒಟ್ಟಿಗೆ ನೋಡಾಣ."

"ಎಲ್ಲಿ ಅಣ್ಣ, ಮೊಮ್ಮಗಳನ್ನ ಡ್ರಾಯಿಂಗ್ ಕ್ಲಾಸಿಗೆ ಬಿಡ್ಬೇಕು" ಅಂದ. ಮೊದಲೆಲ್ಲ ಕರೆಯುವ ಮುಂಚೆ ಬರುತ್ತಿದ್ದ ಗಿರಾಕಿ. ಹೋಗಲಿ.

ಭಾನುವಾರ ಬಂತು. ಗೇಟು ಬಂತು. ಕಾರು ನಿಂತಿತು. ಸೀಟಿಗೆ ಕಿವಿ ಇಡುವ ಮೊದಲು ಕೊನೆಯ ಸಲ ಎಂದು ಬಾನೆಟ್ ಎತ್ತಿ ತಲೆ ತೂರಿಸಿದೆ. ಆಗ ನನ್ನ ಕಿವಿಯ ಪಕ್ಕಕ್ಕೆ ಒಂದು ಕೈ ಬಂತು. ಹಸಿರು ಬಳೆಯಿಲ್ಲದ, ಸುಕ್ಕುಗಟ್ಟಿದ ಕೈ. ಅದರಲ್ಲಿ ತುಂಬಿದ ಹಿತ್ತಾಳೆ ಚೊಂಬು.

ಯಾರೋ ಬೀದಿಯ ಪುಣ್ಯಾತ್ಗಿತ್ತಿ, ರೇಡಿಯೇಟರಿಗೆ ತಂದಿದ್ದಾಳೆ ಅಂದುಕೊಂಡೆ. ಬಗ್ಗಿದಲ್ಲಿಂದಲೇ ಉಪನ್ಯಾಸ ಶುರು ಮಾಡಿದೆ. "ಅಮ್ಮಾ, ಗಾಡಿ ನಿಂತ್ರೆ ಎಲ್ರೂ ನೀರು ತರ್ತೀರಿ. ಇದು ನೀರಿನ ಸಮಸ್ಯೆ ಅಲ್ಲ, ಪೆಟ್ರೋಲಿನ ಸಮಸ್ಯೆ. ಮೂಲ ಕಾರಣ ಹುಡುಕ್ಬೇಕು, ಮೇಲೆ ಮೇಲೆ ನೀರು ಸುರಿದ್ರೆ ಆಗಲ್ಲ. ಆದ್ರೂ ಕಷ್ಟಪಟ್ಟು ತಂದಿದೀರ, ಕೊಡಿ." ಚೊಂಬು ಇಸಕೊಂಡು, ಪೂರ್ತಿ ನೀರನ್ನು ಮುಂದಿನ ಗಾಜು ತೊಳೆಯುವ ವೈಪರ್ ಡಬ್ಬಿಗೆ ಹೊಯ್ದೆ. ಕೊನೆಯ ಹನಿ ಬೀಳುವ ತನಕ ಕೊಡವಿದೆ.

ತಲೆ ಎತ್ತಿದೆ. ಅಕ್ಕಯಮ್ಮ!

ಕನ್ನಡಕದೊಳಗಿಂದ ಅವರು ನನ್ನನ್ನೂ ವೈಪರ್ ಡಬ್ಬಿಯನ್ನೂ ಒಂದೊಂದು ಸಲ ನೋಡಿದರು. ಆಮೇಲೆ ಕಿಟಕಿಯಲ್ಲಿದ್ದ ಮಗಳ ಕಡೆ ತಿರುಗಿದರು.

"ಮೂವತ್ ವರ್ಷದಿಂದ ನೀರು ನೀರು ಅಂತ ಊರೆಲ್ಲಾ ಸಾರ್ಕಂಡ್ ತಿರುಗ್ದ. ಕೈಗ್ ತಂದ್ಕೊಟ್ರೆ ಗಾಡಿ ಗಾಜ್ ತೊಳ್ಯಕ್ಕೆ ಹಾಕ್ಕಂಡ್ನಲ್ಲವ್ವ ನಿನ್ ಗಂಡ."

ಅಷ್ಟು ಹೇಳಿ ನಿಧಾನಕ್ಕೆ ಗೇಟಿನೊಳಗೆ ಹೋದರು. ಬರಿದಾದ ಚೊಂಬು ನನ್ನ ಕೈಯಲ್ಲೇ ಉಳಿಯಿತು. ತಣ್ಣಗಿತ್ತು. ಮಣ್ಣಿನ ಹೂಜಿಯಿಂದ ಬಗ್ಗಿಸಿದ ನೀರಿರಬೇಕು. ನನ್ನ ಗಂಟಲು ಒಣಗಿದ್ದು ನನಗೆ ತಿಳಿದದ್ದು ಆಗಲೇ.

ಭಾಷಣಕಾರನಿಗೆ ಮಾತು ನಿಂತರೆ ಉಳಿಯುವ ದಾರಿ ಒಂದೇ, ಕೆಲಸ ಮಾಡುವುದು. ಚೊಂಬು ಹಿಡಿದೇ ಹಿಂದಿನ ಸೀಟಿಗೆ ನುಗ್ಗಿ, ಬೋರಲು ಬಿದ್ದು, ಸೀಟಿಗೆ ಕಿವಿ ಒತ್ತಿದೆ. "ಹೇಮ, ಕೀ ತಿರುಗ್ಸು."

ಅವಳು ಪಕ್ಕದ ಸೀಟಿನಿಂದಲೇ ಕೈ ಚಾಚಿ ತಿರುಗಿಸಿದಳು. ಗುಂಯ್ ಇಲ್ಲ. ಪಂಪು ಸತ್ತಿತ್ತು.

"ಇರು, ಚಪ್ಪಲಿ ಹಾಕ್ಕೊಳ್ತೀನಿ" ಎಂದು ಬಗ್ಗಿದಳು. ನಾನು ಬಿದ್ದಿದ್ದ ಕಡೆಯಿಂದ ಎರಡು ಸೀಟುಗಳ ಸಂದಿಯಲ್ಲಿ ಅವಳ ಕಾಲ ಬಳಿ ಎಲ್ಲ ಕಾಣುತ್ತಿತ್ತು. ಕೈ ಚಪ್ಪಲಿಯ ಕಡೆ ಹೋಗಲಿಲ್ಲ. ಎಡಗಡೆ, ಬಾಗಿಲ ಬುಡದಲ್ಲಿದ್ದ ಸಣ್ಣ ರಬ್ಬರ್ ಗುಂಡಿಯ ಮೇಲೆ ಹೋಯಿತು. ಹೆಬ್ಬೆರಳಿನಲ್ಲಿ ಒತ್ತಿದಳು. ಟಿಕ್. ಎದ್ದು ಮತ್ತೆ ಕೀ ತಿರುಗಿಸಿದಳು. ನನ್ನ ಕಿವಿಯ ಕೆಳಗೆ ಪಂಪು ಗುಂಯ್ ಎಂದಿತು.

"ಏನದು?"

"ಸ್ವಿಚ್ಚು."

"ಯಾವ ಸ್ವಿಚ್ಚು?"

"ಪೆಟ್ರೋಲ್ ನಿಲ್ಸೋದು. ಗಾಡಿ ಎಲ್ಲಾದ್ರೂ ಗುದ್ದಿದ್ರೆ ಬೆಂಕಿ ಹತ್ಬಾರ್ದು ಅಂತ ಇಟ್ಟಿರ್ತಾರಂತೆ. ಮೊದಲ್ನೇ ಸಲ ಗುಂಡಿಗೆ ಬಿದ್ದಾಗ ಅದೇ ಆಗಿದ್ದು. ಆಟೋದವ್ನು ತೋರಿಸ್ದ. ಒದ್ರೂ ನಿಲ್ತದೆ ಆಂಟಿ, ಹುಷಾರು ಅಂದ."

"ಅಂದ್ರೆ ಪ್ರತಿ ಭಾನುವಾರ..."

"ಹಿಮ್ಮಡೀಲಿ ಒಂದು ಕೊಡ್ತೀನಿ."

"ಮಂಡಿನೋವು ಅಂತೀಯ!"

"ಕಾಲು ಆಡಿಸ್ತಿರಿ ಅಂತ ಡಾಕ್ಟ್ರೇ ಹೇಳವ್ರೆ."

ನಾನು ಎದ್ದು ಕೂತೆ. "ಬಂಕಿನ ಮುಂದೆ ಧರಣಿ ಕೂತೆನಲ್ಲೇ ನಾನು. ಬಾಯಿಬಿಟ್ಟು ಹೇಳಕ್ಕೇನಾಗಿತ್ತು?"

ಅವಳು ಹಿಂದಕ್ಕೆ ತಿರುಗಲಿಲ್ಲ. ಗೇಟಿನ ಕಡೆ ನೋಡುತ್ತಲೇ ಹೇಳಿದಳು. "ಹೇಳಿದ್ರೆ ನೀನು ರಿಪೇರಿ ಮಾಡಿಸ್ಬಿಡ್ತಿದ್ದೆ. ಈ ಮನೆಗೆ ಬರಲ್ಲ ಅಂತ ಶಪಥ ಮಾಡಿದ್ದು ನೀನು, ಕಾರಲ್ಲ. ಆಯಸ್ಸೆಲ್ಲಾ ರಸ್ತೆ ತಡೆ ಮಾಡ್ದೆಯಲ್ಲ ಪಿಳ್ಳಪ್ಪ, ನಾನೊಂದು ಮಾಡಿದ್ದಕ್ಕೆ ಇಷ್ಟು ಸಂಕಟನಾ?"

ನನ್ನ ಕೈಯಲ್ಲಿ ಇನ್ನೂ ಖಾಲಿ ಚೊಂಬು ಇತ್ತು. ಅದನ್ನವಳು ಇಸಕೊಂಡು ಸೆರಗಿನಿಂದ ಒರೆಸಿದಳು.

"ಪಾತ್ರೆ ವಾಪಸ್ ಕೊಡ್ಬೇಕಲ್ಲ. ಬರ್ತೀಯಾ?"

"ಶಪಥ ಇದೆ. ಕುಡಿದಿಲ್ಲ ನಾನು."

"ಕಾರು ಕುಡಿದಿದೆ. ಅದನ್ನೇ ಒಳಗೆ ಕರ್ಕೊಂಡ್ ಹೋಗ್ಲಾ?"

ಚಪ್ಪಲಿ ನಿಜವಾಗಿ ಹಾಕಿಕೊಂಡು ಇಳಿದಳು. ಗೇಟು ಕಿರ್ ಎಂದಿತು. ಜಗಲಿಯ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತಳು, ಆಮೇಲೆ ಕಾಣಲಿಲ್ಲ. ಫಿಸಿಯೋಥೆರಪಿಯ ಹೊತ್ತು ಮೀರಿದ ಮೇಲೆ ವಾಪಸ್ ಬಂದಾಗ ಅವಳ ಬೆರಳುಗಳಲ್ಲಿ ಅವರೆಕಾಯಿಯ ಸೊಗಡು. ಮನೆ ಸೇರುವ ತನಕ ಕೈ ತೊಳೆಯಲಿಲ್ಲ. ಅಮ್ಮ ಹೇಳಿಕಳಿಸಿದ ಮಾತನ್ನು ಮಾತ್ರ ದಾರಿಯಲ್ಲೇ ತಲುಪಿಸಿದಳು. "ಒಂದ್ಸಲ ಗೇಟಿಗೆ ತಂದ್ಕೊಟ್ಟಾಯ್ತು. ಇನ್ನೊಂದ್ಸಲ ಬೇಕಂದ್ರೆ ಒಳಗ್ ಬಂದು ಕುಡೀಲಿ."

ಕುಡಿಯದೆ ಒಳಗೆ ಹೋಗುವಂತಿಲ್ಲ, ಒಳಗೆ ಹೋಗದೆ ಕುಡಿಯುವಂತಿಲ್ಲ. ಎಷ್ಟೋ ಮಂತ್ರಿಗಳ ಜೊತೆ ಮಾತುಕತೆಗೆ ಕೂತಿದ್ದೇನೆ, ಇಂಥ ಬಿಕ್ಕಟ್ಟು ಕಂಡಿಲ್ಲ.

ಕಳೆದ ಭಾನುವಾರ ಗೇಟು ಹತ್ತಿರವಾದಾಗ ಹೇಮಳ ಕಾಲು ಅಲುಗಲಿಲ್ಲ. "ಇನ್ನೇನು ಒದೆಯೋದು, ನಿಲ್ಸು ಅಂದ್ರೆ ನಿಲ್ಸಲ್ವಾ?" ಅಂದಳು. ಅವಳಿಗೆ ಸರಿ, ಇಳಿದು ಹೋಗುತ್ತಾಳೆ. ನಾನು ಸುಮ್ಮನೆ ಗೇಟಿನ ಮುಂದೆ ನಿಂತರೆ ಜನ ಏನೆಂದುಕೊಳ್ಳಬೇಕು? ಹೋರಾಟಗಾರನಿಗೆ ಒಂದು ಕಾರಣ ಬೇಕು.

"ಒದಿಯೇ" ಅಂದೆ.

ಒದ್ದಳು. ಕಾರು ನಿಂತಿತು. ಅವಳು ಒಳಗೆ ಹೋದಳು. ಏನೂ ಕೆಡದ ಎಂಜಿನ್ನಿನೊಳಗೆ ತಲೆ ತೂರಿಸಿ ನಾನು ಬಿಸಿಲಲ್ಲಿ ನಿಂತೆ. ಒಳಗಿನಿಂದ ತಾಯಿ ಮಗಳ ನಗು ಕೇಳುತ್ತಿತ್ತು. ಕಿವಿಯ ಪಕ್ಕ ಒಂದು ಕೈ ಬರುತ್ತದೇನೋ ಎಂದು ಬಾನೆಟ್ಟಿನ ಎಡಭಾಗವನ್ನು ಖಾಲಿ ಬಿಟ್ಟಿದ್ದೆ. ಬರಲಿಲ್ಲ. ಅಕ್ಕಯಮ್ಮ ಜಗಲಿಯಿಂದಲೇ ಕೇಳಿದರು, "ಗಾಡಿ ಸರಿಹೋಯ್ತೇನಪ್ಪ?"

"ಇನ್ನೂ ಇಲ್ಲ" ಅಂದೆ.

ಅದಕ್ಕೇ ಇಷ್ಟೆಲ್ಲ ಬರೆದದ್ದು. ಇದು ಮನವಿಯಲ್ಲ, ಓದಿದ ನಿಮ್ಮ ಮುಂದಿಡುವ ಹಕ್ಕೊತ್ತಾಯ. ಭಾನುವಾರ ಹುಳಿಮಾವು ಕೆರೆಯ ಪಕ್ಕ ಬಾನೆಟ್ ಎತ್ತಿ ನಿಂತ ಮುದುಕ ಕಂಡರೆ ಹಾರ್ನ್ ಹೊಡೆಯಬೇಡಿ. ತಳ್ಳಲು ಬರಬೇಡಿ. ಬಾಟಲಿ ನೀರು ಚಾಚಬೇಡಿ, ಕುಡಿಯುವುದಿಲ್ಲ. ನಿಮಗೆ ನಿಜವಾಗಿಯೂ ಕರುಳಿದ್ದರೆ ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಆ ಗೇಟಿನೊಳಗೆ ಹೋಗಿ. ಜಗಲಿಯಲ್ಲಿ ಕೂತ ಅಜ್ಜಿಗೆ ಹೇಳಿ: ಕಾರಿಗೆ ಏನೂ ಆಗಿಲ್ಲ. ಅಳಿಯನಿಗೆ ಬಾಯಾರಿದೆ.