ಅಮೆರಿಕದ ಕರಪತ್ರ, ಸೋಲೂರಿನ ನೀರು

ಅಮೆರಿಕದ ಬಲಪಂಥೀಯ ರಾಜಕೀಯ ಚಳವಳಿಗಳ ಮೇಲೆ ರಾಮನಗರದಲ್ಲಿ ಕುಳಿತು ಸಂಶೋಧನೆ ಮಾಡಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿದ್ದರೆ ಚೆನ್ನಾಗಿತ್ತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಪಿಎಚ್.ಡಿ. ಇಲ್ಲದವರಿಗೆ ಬಡ್ತಿ ಇಲ್ಲ ಎಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ಹಬ್ಬಿದಾಗ, ಮಾಗಡಿ ಸೀಮೆಯ ಕೋಟೆಗಳ ಮೇಲೆ ಬರೆಯುತ್ತೇನೆಂದು ಬೆಂಗಳೂರಿನ ಗೈಡ್ ಹತ್ತಿರ ಹೋದೆ. ಅವರು ತಲೆ ಎತ್ತದೆ, “ಮಾಗಡಿ ಕೋಟೆ ಆಗಲೇ ಹೋಯ್ತು. ಸಾವನದುರ್ಗಾನೂ ಹೋಯ್ತು. ಅಮೆರಿಕ ಖಾಲಿ ಇದೆ, ತಗೋತೀರಾ?” ಎಂದರು. ಬಿಡದಿಯಿಂದ ಈಚೆಗೆ ರಸ್ತೆಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಖಾಲಿ ಜಾಗ ಎಲ್ಲೇ ಸಿಗಲಿ, ಮೊದಲು ಬೇಲಿ ಹಾಕಿಕೊಳ್ಳಬೇಕು ಎಂಬ ಬುದ್ಧಿ ಊರಿಗೆಲ್ಲ ಬಂದಂತೆ ನನಗೂ ಬಂದಿತ್ತು. ಅಮೆರಿಕಕ್ಕೆ ಬೇಲಿ ಹಾಕಿದೆ.

ಬೇಲಿಯೊಳಗೆ ಏನಿದೆ ಎಂದು ತಿಳಿಯಲು ಸೈಬರ್ ಸೆಂಟರಿನಲ್ಲಿ ಕುಳಿತು ಅಲ್ಲಿನ ವಿಶ್ವವಿದ್ಯಾಲಯವೊಂದರ ದಾಖಲೆ ಸಂಗ್ರಹಾಲಯಕ್ಕೆ ಇ-ಮೇಲ್ ಬರೆದೆ. ಮಾರ್ಗರೆಟ್ ಎಂಬ ಹೆಂಗಸು ಉತ್ತರಿಸಿದರು. ತಮ್ಮಲ್ಲಿ ಬಲಪಂಥೀಯ ಗುಂಪುಗಳ ಕಾಗದಪತ್ರಗಳ ನೂರಾರು ಪೆಟ್ಟಿಗೆಗಳಿವೆ, ಯಾರೋ ಬೀದಿಯಲ್ಲಿ ಹಂಚಿ ಹೋದ ಕರಪತ್ರ, ಚರ್ಚಿನ ಬಾಗಿಲಿಗೆ ಅಂಟಿಸಿದ ಚೀಟಿ, ಸಿಟ್ಟಿನ ಓದುಗರು ಬರೆದ ಪತ್ರ, ಎಲ್ಲವನ್ನೂ ಹುಳ ಹಿಡಿಯದ ಹಾಗೆ ತಂಪು ಕೋಣೆಯಲ್ಲಿ ಇಟ್ಟಿದ್ದೇವೆ ಎಂದು ವಿವರಿಸಿದರು. ಇದನ್ನು ಹೆಂಡತಿ ಸುಮಿತ್ರೆಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲ ಕಣ್ರೀ, ಅವರೂರಿಗೆ ಹಳೇ ಪೇಪರ್‌ನೋನು ಬರಲ್ವಾ?”

ಕೊನೆಗೊಂದು ದಿನ ಮಾರ್ಗರೆಟ್ಟರ ಪಾರ್ಸೆಲ್ ಬಂತು. ದಾರಿಯಲ್ಲಿ ಹೊಟ್ಟೆ ಬಿರಿದಿದ್ದ ಅದನ್ನು ಯಾರೋ ಪುಣ್ಯಾತ್ಮರು ಹುರಿಹಗ್ಗದಿಂದ ಬಿಗಿದು ಕಳಿಸಿದ್ದರು. ಒಳಗೆ ಐವತ್ತು ವರ್ಷ ಹಿಂದಿನ ಕರಪತ್ರಗಳ ಜೆರಾಕ್ಸ್ ಪ್ರತಿಗಳು. ನಾನು ಅದನ್ನು ಊಟದ ಮೇಜಿನ ಮೇಲಿಟ್ಟು ಕಾಲೇಜಿಗೆ ಹೋದೆ. ಹೋಗಬಾರದಿತ್ತು. ಯಾಕೆಂದರೆ ಆಗ ಮನೆಯಲ್ಲಿ ನನ್ನ ಮಾವ ಇದ್ದರು.

ಮಾವ ರಂಗಪ್ಪನವರು ಸೋಲೂರಿನ ಪಕ್ಕದ ಹಳ್ಳಿಯವರು, ಸುತ್ತಲ ಊರುಗಳಿಗೆಲ್ಲ ‘ರಂಗಪ್ಪ ಮೇಷ್ಟ್ರು’. ಹೆಡ್ ಮಾಸ್ಟರಾಗಿ ನಿವೃತ್ತರಾದ ಮೇಲೆ ತೆಂಗಿನ ತೋಟ, ನಾಲ್ಕು ಸೀಮೆಹಸು, ಡೈರಿ ಎಂದು ಸುಖವಾಗಿದ್ದವರನ್ನು ಮಂಡಿನೋವು ಹಿಡಿದು ನಮ್ಮ ಮನೆಗೆ ತಂದಿತ್ತು. ಅವರಿಗೆ ಓದಲು ಏನಾದರೂ ಇರಲೇಬೇಕು. ಪತ್ರಿಕೆ ಬೆಳಗಿನ ತಿಂಡಿಗೆ ಮುಂಚೆಯೇ ಮುಗಿಯುತ್ತಿತ್ತು. ಆಮೇಲೆ ಪಂಚಾಂಗ, ಅದಾದ ಮೇಲೆ ಟೂತ್‌ಪೇಸ್ಟ್ ಕೊಳವೆಯ ಮೇಲಿನ ಸಣ್ಣಕ್ಷರ. ಅಂಥವರ ಮುಂದೆ ನಾನು ಅಮೆರಿಕದ ಒಂದು ಪಾರ್ಸೆಲ್ಲನ್ನೇ ಬಡಿಸಿ ಹೋಗಿದ್ದೆ.

ಸಂಜೆ ಬಂದಾಗ ಅವರು ಕನ್ನಡಕ ಹಣೆಗೇರಿಸಿ ಕಾಯುತ್ತಿದ್ದರು.

“ಅಳಿಯಂದ್ರೇ, ಇದ ನೋಡುದ್ರಾ? ಕುಡಿಯೋ ನೀರಿಗೆ ಫ್ಲೋರೈಡ್ ಬೆರೆಸ್ತಾವ್ರಂತೆ. ಜನ ಮಂಕಾಗ್ಲಿ ಅಂತ. ದೊಡ್ಡ ಸಂಚು ಐತೆ ಇದ್ರಲ್ಲಿ!”

“ಮಾವ, ಅದು ಹಳೇ ಕಾಲದ್ದು. ಅಲ್ಲಿ ಹಲ್ಲು ಗಟ್ಟಿಯಾಗಲಿ ಅಂತ ಅಳತೆ ನೋಡಿ ಹಾಕ್ತಿದ್ರು. ಇದನ್ನು ಬರೆದವರಿಗೆ ಎಲ್ಲದರ ಹಿಂದೆಯೂ ಕಮ್ಯುನಿಸ್ಟರೇ ಕಾಣ್ತಿದ್ರು. ಎಲ್ಲ ಸುಳ್ಳು.”

“ಸುಳ್ಳಾದ್ರೆ ಅಷ್ಟು ದೂರದಿಂದ ಯಾಕೆ ತರಿಸ್ಕೊಂಡ್ರಿ?”

ಸುಳ್ಳನ್ನು ಜೋಪಾನವಾಗಿಟ್ಟು ಓದುವುದೂ ಒಂದು ವಿದ್ಯೆ ಎಂದು ಹೇಳಲು ಹೋದೆ. “ಹಂಗಾರೆ ನಮ್ಮೂರ ಪಂಚಾಯ್ತಿ ಕಟ್ಟೇಗೆ ಬನ್ನಿ, ಬೇಕಾದಷ್ಟು ಸಿಗ್ತದೆ” ಎಂದರು.

ಅಂದಿನಿಂದ ಮಾವ ನಮ್ಮ ನಲ್ಲಿ ನೀರು ಮುಟ್ಟಲಿಲ್ಲ. ಬೇಕಾದದ್ದು ಅವರ ತೋಟದ ಬೋರ್‌ವೆಲ್ ನೀರು. ನಿವೃತ್ತಿಯಾದ ವರ್ಷ ಆಳಕ್ಕೆ ಕೊರೆಸಿ, ತೋಟದ ಬೇಲಿಯ ಹೊರಗೊಂದು ನಲ್ಲಿ ಇಡಿಸಿ, ಇಡೀ ಹಳ್ಳಿಗೆ ನೀರು ಬಿಟ್ಟಿದ್ದರು. ಅವರ ಹೆಮ್ಮೆಗಳಲ್ಲೆಲ್ಲ ದೊಡ್ಡ ಹೆಮ್ಮೆ ಅದು; ಮಗಳ ಮದುವೆ ಅದರ ಕೆಳಗೆ ಬರುತ್ತಿತ್ತು. ಈಗ ಆ ನೀರು ಕ್ಯಾನಿನಲ್ಲಿ ತುಂಬಿ ಮಾಗಡಿ ಮಾರ್ಗದ ಬಸ್ಸಿನಲ್ಲಿ ರಾಮನಗರಕ್ಕೆ ಬರತೊಡಗಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಳ್ಳುವ ಕೆಲಸ ನನ್ನದು. ಹೆಗಲ ಮೇಲೆ ಕ್ಯಾನು ಹೊತ್ತು ಬರುವಾಗ ವಿದ್ಯಾರ್ಥಿಗಳು ಎದುರಾಗಿ, “ಸಾರ್, ಊರಿಂದ ತುಪ್ಪಾನಾ?” ಎನ್ನುವರು. ಹೌದೆನ್ನುತ್ತಿದ್ದೆ. ಸಂಶೋಧನೆಯ ಫಲ ಎಂದರೆ ನಂಬುವವರು ಯಾರು?

ಇಷ್ಟಕ್ಕೇ ನಿಂತಿದ್ದರೆ ಹೊರುತ್ತಿದ್ದೆ. ಆದರೆ ಮಾವ ಜಗುಲಿಯ ಮೇಲೆ ಕುಳಿತು ಕರಪತ್ರವನ್ನು ಕನ್ನಡಕ್ಕೆ ಬಿಡಿಸಿ ಹೇಳತೊಡಗಿದರು. ಅವರ ಮೊದಲ ಶಿಷ್ಯ ಪಕ್ಕದ ಮನೆಯ ಇಮ್ತಿಯಾಜ್. ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟುಕೊಂಡಿದ್ದವನು. ಆ ವರ್ಷ ಅವನ ನೂಲಿಗೆ ಹೊಳಪು ಬರುತ್ತಿರಲಿಲ್ಲ. ಅದಕ್ಕಾಗಿ ಕನಕಪುರದ ಕಡೆಯ ಗೂಡಿನಿಂದ ಹಿಡಿದು ತನ್ನ ಭಾಮೈದನವರೆಗೆ ಎಲ್ಲರನ್ನೂ ಬೈದು ಮುಗಿಸಿದ್ದ. “ಮೇಷ್ಟ್ರೇ, ನಾನು ಗೂಡು ಬೇಯ್ಸೋ ನೀರ್ನಾಗೂ ಐತಾ ಅದು?” ಎಂದು ಕೇಳಿದ. “ಗೂಡು ಅಂತ ಬುಟ್ಟಾರಾ?” ಎಂದರು ಮಾವ.

ಮರುದಿನ ಬೀದಿಯವರೆಲ್ಲ ಸೇರಿ ನೀರಗಂಟಿಯನ್ನು ಅಡ್ಡಗಟ್ಟಿದರು. ನೀರಿಗೆ ಏನು ಹಾಕುತ್ತೀಯ, ನಿಜ ಹೇಳು ಎಂದರು. ಆತ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ನೆಲಕ್ಕೂರಿ, “ಬ್ಲೀಚಿಂಗ್ ಪುಡೀನೇ ಅಳೆದೂ ಅಳೆದೂ ಹಾಕ್ತೀನಿ. ನೀವು ಹೇಳೋ ಸಾಮಾನು ನಾನು ಎಲ್ಲಿಂದ ತರ್ಲಿ ಸ್ವಾಮಿ?” ಎಂದ. ಅಷ್ಟು ಮುಗ್ಧವಾಗಿ ಹೇಳಿದ್ದೇ ಅನುಮಾನಕ್ಕೆ ಕಾರಣವಾಯಿತು. ವಾರದೊಳಗೆ ಸೋಲೂರಿನ ನೀರಿಗೆ ಬೀದಿಯಲ್ಲಿ ಬೇಡಿಕೆ ಹುಟ್ಟಿತು. “ಕೂಸಿಗೆ ಒಂದು ಲೋಟ ಕೊಡಿ” ಎಂದು ಬರುವವರಿಗೆಲ್ಲ ಮಾವ ತೀರ್ಥದಂತೆ ಬಿಡುತ್ತಿದ್ದರು. ನಾನು ಹೊರುವ ಕ್ಯಾನು ಎರಡಾಯಿತು.

ನನ್ನ ಬೆನ್ನು ಉಳಿಯಬೇಕಾದರೆ ಇದಕ್ಕೊಂದು ಕೊನೆ ಕಾಣಿಸಲೇಬೇಕಿತ್ತು. “ಮಾವ, ನೀರನ್ನು ಪರೀಕ್ಷೆಗೇ ಕೊಟ್ಟುಬಿಡೋಣ” ಎಂದೆ. ಅವರು ತಕ್ಷಣ ಒಪ್ಪಿದರು. ಬರೀ ನಮ್ಮ ನಲ್ಲಿ ನೀರು ಕೊಟ್ಟರೆ ಸಾಲದು, ಶುದ್ಧವಾದ ನೀರು ಹೇಗಿರುತ್ತದೆ ಎಂದು ಪರೀಕ್ಷೆ ಮಾಡುವವರಿಗೂ ಗೊತ್ತಾಗಲಿ ಎಂದು ತಮ್ಮ ತೋಟದ ನೀರನ್ನೂ ಒಂದು ಬಾಟಲಿಗೆ ತುಂಬಿದರು. ಫಲಿತಾಂಶ ಕೇಳಲು ಇಬ್ಬರೂ ಪ್ರಯೋಗಾಲಯಕ್ಕೆ ಹೋದೆವು. ಅಲ್ಲಿದ್ದಾತ ನಮ್ಮನ್ನು ಕೂರಿಸಿ ಹೇಳಿದ: “ನಲ್ಲಿ ನೀರು ಪರವಾಗಿಲ್ಲ, ಕುಡೀಬಹುದು. ಈ ಎರಡನೇ ಬಾಟ್ಲಿ ಇದ್ಯಲ್ಲ, ಇದನ್ನ ಯಾರೂ ಕುಡೀತಿಲ್ಲ ತಾನೆ?”

ಆತ ಮುಂದುವರಿಸಿದ. ಇದರಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಯಾರೂ ಬೆರೆಸಿದ್ದಲ್ಲ, ಕೆಳಗಿನ ಬಂಡೆಯಿಂದಲೇ ಬರುತ್ತದೆ, ಆಳಕ್ಕೆ ಹೋದ ಕಡೆ ಹೀಗಾಗುವುದುಂಟು, ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಕೀಲು ಹಿಡಿಯುತ್ತದೆ. ಮಾವನ ಕೈ ತಾನಾಗಿ ಮಂಡಿಯ ಮೇಲೆ ಹೋಯಿತು. ಬಾಯಿ ಬಿಟ್ಟಾಗ ಮಂಡಿಯ ಮಾತೆತ್ತಲಿಲ್ಲ. “ನಮ್ಮೂರ ಐಕ್ಳ ಹಲ್ಲು... ಬೆಲ್ಲ ತಿಂದು ಹಂಗಾಗ್ಯವೆ ಅಂತ ನಾನೇ ಎಷ್ಟು ಸಲ ಬೈದಿವ್ನಿ” ಎಂದರು.

ಮನೆಗೆ ಬಂದ ಮೇಲೆ ನಾನು ಏನೋ ಹೇಳಲು ಬಾಯಿ ತೆರೆದೆ. ಸುಮಿತ್ರೆ ಅಡುಗೆಮನೆಯಿಂದಲೇ ಕಣ್ಣಲ್ಲಿ ತಡೆದಳು. ತೆರೆದ ಬಾಯಿಗೆ ಒಂದು ಚಕ್ಕುಲಿ ಹಾಕಿಕೊಂಡು ಸುಮ್ಮನಾದೆ. ಮಾವ ಮೊದಲು ಇಮ್ತಿಯಾಜನ ಮನೆಗೆ, ಆಮೇಲೆ ನೀರು ಒಯ್ದಿದ್ದ ಮನೆಗಳಿಗೆಲ್ಲ ಕುಂಟುತ್ತ ಹೋಗಿ ವಿಷಯ ತಿಳಿಸಿ ಬಂದರು. ಇಮ್ತಿಯಾಜ್ ಅವರ ಕೈ ಹಿಡಿದು, “ಬುಡಿ ಮೇಷ್ಟ್ರೇ, ಅಷ್ಟು ದಿನ ನನ್ ಭಾಮೈದ ಬೈಸ್ಕೊಳೋದು ತಪ್ಪಿತ್ತಲ್ಲ, ಅಷ್ಟೇ ಸಾಕು” ಎಂದನಂತೆ.

ಮಾರನೆಯ ದಿನ ಮಾವನ ಜೊತೆ ನಾನೂ ಬಸ್ಸು ಹತ್ತಿದೆ. ಊರಲ್ಲಿ ಇಳಿದ ಅವರು ಮನೆಗೂ ಹೋಗದೆ ನೇರ ತೋಟದ ನಲ್ಲಿಯ ಹತ್ತಿರ ಹೋಗಿ, ಬಿಂದಿಗೆ ಹಿಡಿದು ನಿಂತವರ ಮುಂದೆಯೇ ಹೇಳಿದರು. “ಈ ನೀರು ಹಸುಕರುವಿಗೂ ಬೇಡ, ತೆಂಗಿಗೆ ಮಾತ್ರ. ನಾನು ಒಳ್ಳೇದು ಅಂದ್ಕೊಂಡು ಕೊಟ್ಟಿದ್ದೆ, ಒಳ್ಳೇದಲ್ಲ.” ಬಿಂದಿಗೆ ತುಂಬಿಸಿಕೊಂಡಿದ್ದ ಹೆಂಗಸೊಬ್ಬಳು, “ಏನ್ ಮೇಷ್ಟ್ರೇ, ನೀವು ಕೊಟ್ಟ ನೀರು ಅಂತ ಕುಡುದ್ವಲ್ಲ” ಎಂದಳು.

“ಅದ್ಕೇ ನಾನೇ ಬಂದಿವ್ನಿ ಕಣವ್ವ” ಎಂದರು ಮಾವ.

ಅವಳು ಅವರನ್ನೇ ನೋಡಿದಳು. ಆಮೇಲೆ ಬಿಂದಿಗೆಯನ್ನು ತೆಂಗಿನ ಬುಡಕ್ಕೆ ಬಗ್ಗಿಸಿದಳು. ಹಿಂದೆಯೇ ಉಳಿದವರೂ ಬಗ್ಗಿಸಿದರು. ಊರ ಮುಂದಿನ ಹಳೇ ತೆರೆದ ಬಾವಿಯಲ್ಲಿ ಹೂಳು ತೆಗೆಸಿ, ಆ ನೀರನ್ನೂ ಪರೀಕ್ಷೆ ಮಾಡಿಸಿ, ಸರಿಯಿದೆ ಎಂದ ಮೇಲೆಯೇ ಮಾವ ಊರಿಗೆ ಬಿಟ್ಟರು. ಅವರ ಮಂಡಿ ಪೂರಾ ವಾಸಿಯಾಗಲಿಲ್ಲ. ಡಾಕ್ಟರು ನೀರಿನ ಜೊತೆ ವಯಸ್ಸೂ ಸೇರಿದೆ ಎಂದಾಗ ಮಾವನಿಗೆ ಒಸಿ ಸಮಾಧಾನವಾದಂತೆ ಕಂಡಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಮಾವನಿಗೆ ಕರಪತ್ರ ಬರೆದವರಿಗೆ ಹೇಳುವ ಮಾತು ಬಾಕಿ ಇತ್ತು. ಅವರಿಗೊಂದು ಪತ್ರವನ್ನು ಇಂಗ್ಲಿಷಿನಲ್ಲಿ, ದುಂಡಕ್ಷರದಲ್ಲಿ ಬರೆದು, ಮಾರ್ಗರೆಟ್ಟರ ವಿಳಾಸಕ್ಕೆ ಕಳಿಸಿದರು. ಸಾರಾಂಶ ಇಷ್ಟು: ನಿಮ್ಮ ಸಂಚಿನ ಮಾತು ಶುದ್ಧ ಸುಳ್ಳು, ನಮ್ಮಲ್ಲಿ ಫ್ಲೋರೈಡನ್ನು ನೀರಿಗೆ ಹಾಕಿದ್ದು ಬಂಡೆ, ನಾನೂ ನಿಮ್ಮಂತೆ ಕಿರುಚುವ ಬದಲು ಮೊದಲೇ ಒಂದು ಬಾಟಲಿ ತುಂಬಿ ಪರೀಕ್ಷೆಗೆ ಕೊಡಬೇಕಿತ್ತು, ನನ್ನ ಅಳಿಯ ನಿಮ್ಮ ಕಾಗದಗಳನ್ನು ಓದುವುದನ್ನೇ ಕೆಲಸ ಮಾಡಿಕೊಂಡಿದ್ದರೂ ಅವನಿಗೂ ಇದು ಬೇಗ ಹೊಳೆಯಲಿಲ್ಲ.

ಮಾರ್ಗರೆಟ್ ಉತ್ತರ ಬರೆದರು. ಆ ಗುಂಪು ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೆ ಓದುಗರ ಪತ್ರಗಳ ಕಡತದಲ್ಲಿ ಇಷ್ಟು ಒಳ್ಳೆಯ ಪತ್ರ ಇನ್ನೊಂದಿಲ್ಲ, ಅದನ್ನು ಸಂಗ್ರಹಕ್ಕೆ ಸೇರಿಸಿದ್ದೇವೆ ಎಂದಿದ್ದರು. ಈ ಸುದ್ದಿ ಕೇಳಿ ನನ್ನ ಗೈಡ್ ಕುರ್ಚಿಯಿಂದ ಎದ್ದೇಬಿಟ್ಟರು. “ಭಾರತದ ಓದುಗನೊಬ್ಬನ ಪ್ರತಿಕ್ರಿಯೆ! ಇದರ ಮೇಲೇ ಒಂದು ಅಧ್ಯಾಯ ಬರೀರಿ. ಬರೆದವರ ಅನುಮತಿ ಮಾತ್ರ ತಗೊಳ್ಳಿ.”

ಅನುಮತಿ ಕೇಳಲು ಸೋಲೂರಿನ ಬಸ್ಸು ಹತ್ತಿದೆ. ಮಾವ ಹಸುಗಳಿಗೆ ಹುಲ್ಲು ಹಾಕುತ್ತಿದ್ದವರು ತಿರುಗಿ ನೋಡಿ, “ಅದಕ್ಕೇನಂತೆ, ಕೊಡುವಾ. ಮೊದ್ಲು ಬರೆದು ತಂದು ತೋರ್ಸಿ” ಎಂದರು. ಬರೆದು ಕೊಟ್ಟೆ. ನಾಲ್ಕು ಸಲ ಬರೆದು ಕೊಟ್ಟೆ. ನಾಲ್ಕು ಸಲವೂ ಕೆಂಪು ಶಾಯಿಯ ತಿದ್ದುಪಡಿ ಹೊತ್ತು ವಾಪಸು ಬಂತು. ಸದ್ಯಕ್ಕೆ ಅಮೆರಿಕದ ದಾಖಲೆಗಳ ಮೇಲೆ ನನ್ನ ಸಂಶೋಧನೆ ಮುಂದುವರಿಯಬೇಕಾದರೆ ಕಾಗುಣಿತ ಸರಿಯಾಗಬೇಕಂತೆ.